ಮೂರು ಹೆಚ್ಚುವರಿ ಕಂಬ

ಇನ್ನಂಜೆ ಫೀಡರಿನ ನಕ್ಷೆಯಲ್ಲಿ
ಒಂದು ಕಡೆ ಲೈನು ಸುಮ್ಮನೆ ಸೊಟ್ಟಗಾಗುತ್ತದೆ.
ಕೆರೆ ಇಲ್ಲ, ಬಂಡೆ ಇಲ್ಲ, ರೈಲುಹಳಿ ಇಲ್ಲ.
ಆದರೂ ಮೂರು ಹೆಚ್ಚುವರಿ ಕಂಬ,
ಬಸುರಿಗೆ ದಾರಿ ಬಿಟ್ಟು ಸರಿದು ನಿಂತವರ ಹಾಗೆ.

ನಾನು ಹುನಗುಂದದ ಕಡೆಯವ. ಇಲ್ಲಿಯವರ ಬಾಯಲ್ಲಿ ಗಟ್ಟದವ.
ನಮ್ಮೂರ ದುರಗವ್ವನಿಗೆ ಇರುವುದೊಂದೇ ಬೇವಿನ ಮರ,
ನಡುಹಗಲು ಅದರ ನೆರಳು ಅವಳ ಕಾಲಿಗಷ್ಟೇ ಸಾಲುತ್ತದೆ.
ಸುತ್ತ ಎರೆಹೊಲ.
ದೇವರೆಂದರೆ ಹರದಾರಿ ದೂರದಿಂದ ಕಾಣುವಂಥದು
ಎಂದುಕೊಂಡು ಬೆಳೆದವನು
ಮೊದಲ ಮಳೆಗಾಲ ಈ ಅರ್ಧ ಎಕರೆ ಕತ್ತಲೆಯ ಮುಂದೆ
ಏಣಿ ಹೊತ್ತು ನಿಂತಿದ್ದೆ.

ಒಳಗೆ ಏನೇನಿತ್ತೋ. ಹಾಲೆ, ಸುರಗಿ, ಕಾಸರಕ,
ಮುಟ್ಟಿದರೆ ಮೈ ಬಾಯುವ ಚೇರು,
ಮರವೋ ಬಳ್ಳಿಯೋ ಇನ್ನೂ ತೀರ್ಮಾನವಾಗದ್ದು.
ಒಂದು ಕೊಂಬೆ ಗಾಳಿಗೆ ತಂತಿ ಮುಟ್ಟಿ
ನಲವತ್ತು ಮನೆ ಕತ್ತಲಾಗಿತ್ತು.
"ಕಡಿಯುವ ಹಾಗಿಲ್ಲ" ಅಂದರು ಸುಧಾಮ ಅಡ್ಯಂತಾಯರು.
"ನೋಡುವುದಾದರೆ ಹೋಗಿ. ಚಪ್ಪಲಿ ಹೊರಗೆ. ಕಬ್ಬಿಣವೂ ಹೊರಗೆ."
ಕಬ್ಬಿಣ ತೆಗೆದರೆ ಲೈನ್‌ಮನ್ನಿನಲ್ಲಿ ಉಳಿಯುವುದೇನು?
ಮುರಕಲ್ಲಿನ ಗಡಿಯ ಮೇಲೆ ಪ್ಲೇಯರು, ಸ್ಪಾನರು, ಬೆಲ್ಟು
ಒಂದೊಂದಾಗಿ ಇಟ್ಟು
ಬರಿಗೈಯಲ್ಲಿ ಹೋದೆ. ಇಪ್ಪತ್ತು ಹೆಜ್ಜೆ.
ಹಿಮ್ಮಡಿ ಮುಳುಗುವಷ್ಟು ತರಗೆಲೆ.
ಪಾಚಿ ಹಿಡಿದ ಕಲ್ಲು ನಾಲ್ಕೈದು,
ಯಾವುದು ದೇವರು, ಯಾವುದು ಬರೇ ಕಲ್ಲು
ಹೇಳುವವರಿಲ್ಲ.
ಏನೋ ಸರಿದ ಸದ್ದು. ಓಡಿ ಬಂದೆ.

ಗಡಿಯ ಹೊರಗೆ ಬುಟ್ಟಿ ನೇಯುತ್ತಿದ್ದ ಕೊರಪೊಳು ಅಜ್ಜಿ ನಕ್ಕಳು.
"ನಾಗನ ಇಲ್ಲ್" ಅಂದಳು.
ನಾಗನಾ, ಇಲ್ಲ:
ನನ್ನ ಕಿವಿಗೆ ಬಿದ್ದದ್ದು ಹಾಗೆ. ಉಸಿರು ಬಿಟ್ಟೆ.
ತುಳುವಿನಲ್ಲಿ ಇಲ್ಲ್ ಅಂದರೆ ಮನೆ
ಎಂದು ತಿಳಿಯಲು ಇನ್ನೊಂದು ವರ್ಷ ಹಿಡಿಯಿತು.

ಇದನ್ನು ಕಾಡಿನ ಮೇಲಿನ ಪ್ರೀತಿ ಅನ್ನಬೇಡಿ.
ಶಾಲೆಯ ಪರಿಸರ ದಿನಕ್ಕೆ ಬಂದವರು ಹಾಗೇ ಅಂದರು,
ಮೈಕಿಗೆ ಕರೆಂಟು ಕೊಟ್ಟು ನಾನೂ ಕೇಳಿದೆ.
ಹಿರಿಯರು ಹೆದರಿದ್ದರು, ಅಷ್ಟೇ.
ತೊನ್ನಿಗೆ, ತುಂಬದ ತೊಟ್ಟಿಲಿಗೆ, ಕಿವಿ ಸೋರುವ ಕೂಸಿಗೆ ಹೆದರಿ
ಕತ್ತಿ ಕೆಳಗಿಟ್ಟಿದ್ದರು.
ಕೊರಪೊಳು ಅಜ್ಜಿಯನ್ನಂತೂ ಆ ಗಡಿ ದಾಟಲು ಬಿಟ್ಟವರೇ ಇಲ್ಲ.
ಅರವತ್ತು ವರ್ಷ ಹೊರಗಿನಿಂದಲೇ
ಒಂದೊಂದು ಮರದ ಹೆಸರು ಕಲಿತವಳು.

ಆಮೇಲೆ ಮುಂಬಯಿಯಿಂದ ದುಡ್ಡು ಬಂತು. ಭಕ್ತಿಯೂ ಬಂತು.
ಪ್ರಶ್ನೆ ಇಟ್ಟರು. ಕವಡೆ ಏನು ಹೇಳಿತೋ,
ಸಮಿತಿಗೆ ಕೇಳಿಸಿದ್ದು ಜೀರ್ಣೋದ್ಧಾರ.
ಅಯ್ಯೋ, ಮಳೆಗೆ ನೆನೆಯುತ್ತಾನಲ್ಲ ಎಂದು ಮರುಗಿದರು.
ಮರಮರಕ್ಕೂ ಅಕ್ಕಿ ಹಾಕಿ, ತಪ್ಪಾಯಿತು ಎಂದು ಕೈಮುಗಿದು
(ಸುಳ್ಳು ಅನ್ನಲಾರೆ, ಅಡ್ಯಂತಾಯರ ಕಣ್ಣು ಒದ್ದೆಯಿತ್ತು)
ಗರಗಸ ಇಟ್ಟರು.
ಕರಿ ಗ್ರಾನೈಟು, ಸ್ಟೀಲಿನ ಕಟಕಟೆ, ಎರಡು ಟನ್ನು ಸರಳು.
ಒಂದು ಹಾಲೆಯನ್ನು ಮಾತ್ರ ಉಳಿಸಿ
ಅದಕ್ಕೆ ಸಿಮೆಂಟಿನ ಕೊರಳಪಟ್ಟಿ.
ಮತ್ತೆ ನಮ್ಮ ಕಚೇರಿಗೆ ಅರ್ಜಿ:
ಅಡಚಣೆ ನಿವಾರಣೆಯಾದ ಕಾರಣ
ಲೈನು ನೇರ ಮಾಡಿಕೊಡಬೇಕಾಗಿ ವಿನಂತಿ.

ನಿನ್ನೆ ಹೋಗಿದ್ದೆ.
ಬಿಸಿಲು ನಮ್ಮೂರಿನದೇ. ಗುರುತು ಸಿಕ್ಕಿತು.
ದೇವರೂ ದೂರದಿಂದ ಕಾಣುತ್ತಿದ್ದ, ಥಳಥಳ.
ಅಜ್ಜಿ ಕೂರುತ್ತಿದ್ದ ಕಡೆ ಪಾರ್ಕಿಂಗು.
ಒಂದು ಕಂಬ ಕಿತ್ತೆವು. ಇನ್ನೊಂದು ಕಿತ್ತೆವು.
ಊಟ ಮುಗಿಸಿ ಮೂರನೆಯದನ್ನು ಹತ್ತಿ
ಸೊಂಟಕ್ಕೆ ಕೈ ಹಾಕಿದರೆ ಪ್ಲೇಯರಿಲ್ಲ.
ಕೆಳಗೆ, ಕೀಳಲು ಮರೆತ ಒಂದು ಮುರಕಲ್ಲಿನ ಮೇಲೆ
ಪ್ಲೇಯರು, ಸ್ಪಾನರು
ಸಾಲಾಗಿ ಇಟ್ಟಿವೆ. ಇಟ್ಟವನು ನಾನೇ ಇರಬೇಕು.

"ಎಸೆಯಲಾ ಅಣ್ಣಾ?" ಅಂದ ಜೊತೆಗಿದ್ದ ಹುಡುಗ.
ಬೇಡ ಅಂದೆ.
ಇಳಿಯತೊಡಗಿದೆ.